ಎಡಗಡೆ ಕನ್ನಡಿಯಿಲ್ಲದ ಕಾರು

ನಮ್ಮ ಕಾರಿಗೆ ಎಡಗಡೆ ಕನ್ನಡಿ ಇರಲಿಲ್ಲ. ಒಡೆದುಹೋಗಿತ್ತು ಅಂತಲ್ಲ, ಅದು ಬಂದದ್ದೇ ಹಾಗೆ. ಆಗ ಎಲ್ಲಕ್ಕಿಂತ ಅಗ್ಗದ ಮಾದರಿಯ ಕಾರಿಗೆ ಓಡಿಸುವವರ ಪಕ್ಕದಲ್ಲಿ ಮಾತ್ರ ಒಂದು ಕನ್ನಡಿ ಇಟ್ಟು ಕೊಡುತ್ತಿದ್ದರು. ಎಡ ಬಾಗಿಲಿನ ಮೇಲೆ ಕನ್ನಡಿ ಕೂರಬೇಕಾದ ಜಾಗವನ್ನು ಕರಿಯ ಪ್ಲಾಸ್ಟಿಕ್ಕಿನ ತುಂಡೊಂದು ಮುಚ್ಚಿಕೊಂಡಿತ್ತು. ಅಲ್ಲಿ ಕನ್ನಡಿ ಹಾಕಿಸೋಣ ಎಂದು ನಾನು ಆಗಾಗ ಹೇಳುತ್ತಿದ್ದೆ.

"ನೀ ಅದಿಯಲ್ಲ, ಮತ್ತ್ಯಾಕ ಕನ್ನಡಿ?" ಎಂದು ನನ್ನ ಗಂಡ ನಗುತ್ತಿದ್ದರು.

ಹೈದರಾಬಾದಿನ ನಾರಾಯಣಗೂಡದ ಮನೆಯಿಂದ ಗಚ್ಚಿಬೌಲಿಯ ಆಫೀಸಿಗೆ ಹೋಗುವಾಗಲೂ ಬರುವಾಗಲೂ ನಾನು ಕುತ್ತಿಗೆ ತಿರುಗಿಸಿ ಹಿಂದೆ ನೋಡುತ್ತ ಕೂರುತ್ತಿದ್ದೆ. "ಬಸ್ಸು ಬರಾಕತ್ತೈತಿ, ತಡೀರಿ." "ಈಗ ಹೋಗ್ರಿ, ಹೋಗ್ರಿ." ಅವರು ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನೌಕರರ ಸಂಬಳದ ಲೆಕ್ಕ ನೋಡುವ ವಿಭಾಗದಲ್ಲಿದ್ದರು. ನಾನು ಅದೇ ರಸ್ತೆಯ ಇನ್ನೊಂದು ಕಟ್ಟಡದಲ್ಲಿ ಬಂದವರನ್ನು ವಿಚಾರಿಸುವ ಮೇಜಿನ ಹಿಂದೆ ಕೂರುತ್ತಿದ್ದೆ. ಅವರ ಆಫೀಸಿನವರು ನಮ್ಮ ಕಾರನ್ನು ಸಾಬೂನಿನ ಡಬ್ಬಿ ಎನ್ನುತ್ತಿದ್ದರು. ನನ್ನ ಗಂಡ ಅದನ್ನು ಮನೆಗೆ ಬಂದು ನನಗೆ ಹೇಳಿ ತಾವೇ ಮೊದಲು ನಗುತ್ತಿದ್ದರು. ಆಫೀಸಿನ ಗೇಟಿನ ಕಾವಲಿನವನು ದೊಡ್ಡ ಕಾರುಗಳಿಗೆ ಎದುರಿನ ನೆರಳಲ್ಲಿ ಜಾಗ ತೋರಿಸಿ, ನಮ್ಮದನ್ನು ಮಾತ್ರ ಕೈ ಬೀಸಿ ಹಿತ್ತಲ ಕಡೆಗೆ ಕಳಿಸುತ್ತಿದ್ದ. ಅದನ್ನು ಅವರು ಹೇಳಿರಲಿಲ್ಲ. ಒಂದು ದಿನ ನಾನೇ ನೋಡಿದೆ.

ನಾವು ಬಾಗಲಕೋಟೆ ಕಡೆಯವರು. ನಮ್ಮ ಕಡೆ ತೆಲುಗು ಕಿವಿಗೆ ಬೀಳುವುದೇ ಇಲ್ಲ. ಹೈದರಾಬಾದಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಕಲಿಯಬೇಕೆಂದು ಅನಿಸಿಯೂ ಇರಲಿಲ್ಲ, ಯಾಕೆಂದರೆ ಅಂಗಡಿಯಲ್ಲಿ, ಆಟೋದಲ್ಲಿ, ಆಫೀಸಿನಲ್ಲಿ ಎಲ್ಲ ಕಡೆ ಹಿಂದಿ ನಡೆಯುತ್ತಿತ್ತು. ನಾವು ಮಹಡಿಯ ಮೇಲೆ ಬಾಡಿಗೆಗಿದ್ದೆವು, ಕೆಳಗೆ ಮನೆಯ ಮಾಲೀಕರು ಮತ್ತು ಅವರ ಹೆಂಡತಿ. ಅವರು ರೈಲ್ವೆಯಲ್ಲಿದ್ದು ನಿವೃತ್ತರಾದವರು, ತೆಲುಗಿನವರು. ನಾವು ಅವರನ್ನು ಅಂಕಲ್ ಎಂದೂ ಅವರ ಹೆಂಡತಿಯನ್ನು ಆಂಟಿ ಎಂದೂ ಕರೆಯುತ್ತಿದ್ದೆವು. ಕೆಳಗೆ ತೆಲುಗು, ಮೇಲೆ ಕನ್ನಡ. ಮೆಟ್ಟಿಲ ಮೇಲೆ ಎದುರಾದಾಗ ಎರಡೂ ಕಡೆಯವರು ಹಿಂದಿಗೆ ಇಳಿಯುತ್ತಿದ್ದೆವು.

ಕಾರು ನಿಲ್ಲಿಸಲು ಮನೆಯ ಪಕ್ಕದ ಓಣಿಯಂಥ ಜಾಗವನ್ನು ಅಂಕಲ್ ನಮಗೆ ಬಿಟ್ಟುಕೊಟ್ಟಿದ್ದರು. ಅಲ್ಲಿಗೆ ಹಿಂದೆ ಹಿಂದೆ ಬಂದೇ ಹೊಗಿಸಬೇಕು. ಒಂದು ಕಡೆ ಕಂಪೌಂಡು, ಇನ್ನೊಂದು ಕಡೆ ಮನೆಯ ಗೋಡೆ, ಕೊನೆಗೆ ಕಾರಿನ ಎಡಕ್ಕೆ ಬೀಳುವ ಮೂಲೆಯಲ್ಲಿ ಬಟ್ಟೆ ಒಗೆಯುವ ಕಲ್ಲು. ಒಳಗೆ ಹೋದಮೇಲೆ ಎಡ ಬಾಗಿಲು ತೆರೆಯುತ್ತಿರಲಿಲ್ಲವಾದ್ದರಿಂದ ನಾನು ಗೇಟಿನ ಹತ್ತಿರವೇ ಇಳಿಯುತ್ತಿದ್ದೆ. ಕಾರಿನ ಸದ್ದು ಕೇಳಿದೊಡನೆ ಅಂಕಲ್ ಬನಿಯನ್ನಿನಲ್ಲೇ ಹೊರಗೆ ಬಂದು ಹಿಂದೆ ನಿಲ್ಲುತ್ತಿದ್ದರು. ರೈಲಿಗೆ ಬಾವುಟ ತೋರಿಸುವವರ ಹಾಗೆ ಒಂದು ಕೈ ಎತ್ತಿ, ಬರಲಿ ಬರಲಿ ಎಂದು ಹಿಂದಿಯಲ್ಲಿ, "ಆನೇ ದೋ, ಆನೇ ದೋ..." ಎಂದು ರಾಗವಾಗಿ ಎಳೆದು, ಕೊನೆಗೆ "ಬಸ್!" ಎನ್ನುತ್ತಿದ್ದರು. ಬಸ್ ಎಂದರೆ ಕಾರು ನಿಲ್ಲುತ್ತಿತ್ತು. ಇಲ್ಲದ ಕನ್ನಡಿಯ ಕೆಲಸವನ್ನು ರಸ್ತೆಯಲ್ಲಿ ನಾನು, ಮನೆಯಲ್ಲಿ ಅವರು ಮಾಡುತ್ತಿದ್ದೆವು.

ಚಳಿಗಾಲದ ಒಂದು ಬೆಳಿಗ್ಗೆ ಬ್ಯಾಟರಿ ಕೈಕೊಟ್ಟಿತು. ನಾನೂ ಅಂಕಲ್ಲೂ ಹಿಂದಿನಿಂದ ನೂಕಿದೆವು. ಎಂಜಿನ್ನು ಕೆಮ್ಮಿ ಹತ್ತಿಕೊಂಡಾಗ ನನ್ನ ಗಂಡ ಒಳಗಿನಿಂದ, "ಚಾಲು ಆತು! ಚಾಲು ಆತು!" ಎಂದು ಕೂಗಿದರು. ಅಂಕಲ್ ಬಿಸಿ ತಟ್ಟಿದವರಂತೆ ತಟ್ಟನೆ ಕೈಬಿಟ್ಟು ನಿಂತರು. ಆಮೇಲೆ ನನ್ನನ್ನು ನೋಡಿ ನಕ್ಕು, ಒಳಗಿದ್ದ ಆಂಟಿಗೆ ತೆಲುಗಿನಲ್ಲಿ ಏನೋ ಹೇಳಿದರು. ಆಂಟಿಯೂ ನಕ್ಕರು. ನಮ್ಮ ಕಾರಿನ ಬಗ್ಗೆ ಇರಬೇಕೆಂದುಕೊಂಡು ನಾನೂ ನಕ್ಕೆ.

ಬೇಸಿಗೆ ಬರುವ ಹೊತ್ತಿಗೆ ಒಂದು ಮನಸ್ತಾಪವಾಯಿತು. ಓಣಿಯಲ್ಲಿ ನೆಲದೊಳಗಿನ ನೀರಿನ ತೊಟ್ಟಿಯ ಮೇಲೆ ಹಾಸಿದ್ದ ಕಲ್ಲುಚಪ್ಪಡಿಯಲ್ಲಿ ಬಿರುಕು ಬಿಟ್ಟಿತ್ತು. ಕಾರಿನ ಚಕ್ರ ದಿನಾ ಅದರ ಮೇಲೇ ಹಾಯುತ್ತಿತ್ತು. ಚಪ್ಪಡಿ ಬದಲಿಸುವವರೆಗೆ ಕಾರನ್ನು ಹೊರಗೆ ನಿಲ್ಲಿಸಿ ಎಂದು ಅಂಕಲ್ ಹೇಳಿದರು.

"ಇಷ್ಟು ಸಣ್ಣ ಕಾರಿಗೆ ಚಪ್ಪಡಿ ಒಡೆಯುತ್ತದೆಯೇ ಅಂಕಲ್? ಅದು ಹಳೆಯ ಬಿರುಕು" ಎಂದರು ನನ್ನ ಗಂಡ. ದನಿ ಸ್ವಲ್ಪ ಏರಿತ್ತು. ಆವತ್ತು ಕಾಚಿಗೂಡದಲ್ಲಿದ್ದ ಅಂಕಲ್ಲಿನ ಮಗಳು ಬಂದಿದ್ದರು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ಅಂಕಲ್ ಮಾತು ಬೆಳೆಸಲಿಲ್ಲ. ಮಾರನೆಯ ಸಂಜೆ ಎಂದಿನಂತೆ ಬನಿಯನ್ನಿನಲ್ಲಿ ಬಂದು ಕಾರಿನ ಹಿಂದೆ ನಿಂತರು.

ಆ ಸಂಜೆ ನಡೆದದ್ದನ್ನು ಎಷ್ಟೋ ಸಲ ಮನಸ್ಸಿನಲ್ಲಿ ಹಿಂದೆ ಮುಂದೆ ಮಾಡಿ ನೋಡಿದ್ದೇನೆ.

ಇನ್ನೂ ಬೆಳಕಿತ್ತು. ನಾನು ಗೇಟಿನ ಹತ್ತಿರ ಇಳಿದು, ಊಟದ ಡಬ್ಬಿಗಳ ಚೀಲ ಹಿಡಿದು ನಿಂತೆ. ಕಾರು ಹಿಂದೆ ಹೋಗತೊಡಗಿತು. ಅದರ ತಲೆಯ ಮೇಲಿಂದ ನನಗೆ ಅಂಕಲ್ ಎದೆಯವರೆಗೆ ಕಾಣುತ್ತಿದ್ದರು. "ಆನೇ ದೋ, ಆನೇ ದೋ." ನನ್ನ ಗಂಡ ಬಲಗಡೆಯ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ನೋಡುತ್ತಿದ್ದರು. ಒಗೆಯುವ ಕಲ್ಲಿನ ಮುಂದೆ ಕೆಲಸದಾಕೆ ಬಿಟ್ಟುಹೋದ ಬಕೆಟ್ಟೊಂದಿತ್ತು. ಅಂಕಲ್ ಅದನ್ನು ಎತ್ತಿಡಲು ಎಡಮೂಲೆಗೆ ಸರಿದು ಬಗ್ಗಿದರು. ಅವರ ತಲೆ ಕಾಣದಾಯಿತು. ಕಾರು ಹೋಗುತ್ತಲೇ ಇತ್ತು. ಆಗ ಅವರ ದನಿ ಕೇಳಿಸಿತು. ಈ ಸಲ ಹಿಂದಿಯಲ್ಲಿ ಅಲ್ಲ.

"ಚಾಲು."

ಮತ್ತೆ, ಗಟ್ಟಿಯಾಗಿ, "ಚಾಲು! ಚಾಲು!"

ನನ್ನ ಗಂಡನಿಗೆ ಕೇಳಿಸಿತು. ನನಗೂ ಕೇಳಿಸಿತು. ಚಾಲು ಇರಲಿ, ಬರಲಿ, ಬರಲಿ ಎಂದೇ ಇಬ್ಬರಿಗೂ ಅನಿಸಿತು. ಅವರ ಮುಂದಿನ ಕೂಗು ಪೂರ್ತಿ ಮಾತಾಗಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಆಂಟಿ ಚೀರಿದರು. ಕಾರು ಜಿಗಿದು ಮುಂದಕ್ಕೆ ಬಂದು ನನ್ನೆದುರಿಗೇ ನಿಂತುಹೋಯಿತು. ಅಂಕಲ್ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. ಎಡಗಾಲು ಮೊಣಕಾಲಿನ ಕೆಳಗೆ ಇರಬೇಕಾದ ಹಾಗೆ ಇರಲಿಲ್ಲ. ಬಕೆಟ್ಟಿನ ಹಿಡಿಕೆ ಇನ್ನೂ ಅವರ ಕೈಯಲ್ಲಿತ್ತು.

ಅದೇ ಕಾರಿನ ಹಿಂದಿನ ಸೀಟಿನಲ್ಲಿ ಅವರನ್ನು ಮಲಗಿಸಿಕೊಂಡು ಹತ್ತಿರದ ಎಲುಬಿನ ಆಸ್ಪತ್ರೆಗೆ ಹೋದೆವು. ಅಷ್ಟು ಸಣ್ಣ ಕಾರಿನಲ್ಲಿ ಕಾಲು ಚಾಚಲು ಜಾಗವಿಲ್ಲ. ಆಂಟಿ ಆ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಮುದುರಿ ಕೂತಿದ್ದರು. ರಸ್ತೆಯ ಒಂದೊಂದು ಉಬ್ಬು ಬಂದಾಗಲೂ ನನ್ನ ಗಂಡ "ಸಾರಿ ಅಂಕಲ್, ಸಾರಿ ಅಂಕಲ್" ಎನ್ನುತ್ತಿದ್ದರು. ಎಡಗಡೆ ಏನು ಬರುತ್ತಿದೆ ಎಂದು ಅವರು ನನ್ನನ್ನು ಕೇಳಲಿಲ್ಲ, ನಾನು ಹೇಳಲೂ ಇಲ್ಲ.

ವಾರ್ಡಿನಲ್ಲಿ ಅಂಕಲ್ಲಿನ ಪಕ್ಕದ ಮಂಚದಲ್ಲಿ ಕೈಗೆ ಪಟ್ಟಿ ಹಾಕಿಸಿಕೊಂಡ ಒಂದು ಸಣ್ಣ ಹುಡುಗಿ ಇದ್ದಳು. ಅವಳ ತಾಯಿ ಮೊಸರನ್ನ ತಿನ್ನಿಸುತ್ತಿದ್ದಳು. ಹುಡುಗಿ ಮುಖ ತಿರುಗಿಸಿ, "ಚಾಲು ಅಮ್ಮಾ" ಎಂದಳು. ತಾಯಿ ಚಮಚ ಹಿಂದಕ್ಕೆ ತೆಗೆದುಕೊಂಡಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚಮಚ ಮುಂದೆ ಮಾಡಿದಳು. "ಚಾಲು!" ತಾಯಿ ಬಟ್ಟಲನ್ನು ಮುಚ್ಚಿಟ್ಟಳು.

ನಾನು ಎದ್ದು ಹೊರಗೆ ಬಂದೆ. ನನ್ನ ಗಂಡ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದರು.

"ಏನ್ರಿ, ಚಾಲು ಅಂದ್ರ ಏನ್ರಿ?"

"ಚಾಲು ಅಂದ್ರ ಚಾಲು. ನಡೀಲಿ ಅಂತ."

"ಅಲ್ರಿ. ಇವರ ಮಾತಿನ್ಯಾಗ ಸಾಕು ಅಂತ ಐತಿ."

ಅವರು ತಲೆ ಎತ್ತಿದರು. "ಯಾರ ಹೇಳಿದ್ರು?"

"ಒಳಗ ಒಂದು ಕೂಸು ಉಣ್ಣಾಕತ್ತಿತ್ತು."

ಅವರು ವಾರ್ಡಿನ ಬಾಗಿಲ ಕಡೆ ನೋಡಿದರು. ಆಮೇಲೆ ತಮಗೆ ತಾವೇ ಹೇಳಿಕೊಂಡ ಹಾಗೆ, "ಸಾಕು ಸಾಕು ಅಂತ ಒದರಾಕತ್ತಿದ್ರು ಅವರು" ಎಂದರು.

ಅಷ್ಟರಲ್ಲಿ ಕಾಚಿಗೂಡದಿಂದ ಮಗಳು ಬಂದರು. ಒಳಗೆ ಹೋಗಿ ಅಪ್ಪನನ್ನು ನೋಡಿ, ಮತ್ತೆ ಹೊರಗೆ ಬಂದು ನಮ್ಮೆದುರು ನಿಂತರು. ಹಿಂದಿಯಲ್ಲಿ, ಒಂದಿಷ್ಟೂ ಕೂಗಾಡದೆ, ಕೇಳಿದರು.

"ಅಪ್ಪ ಕೂಗಿದರಂತೆ. ಅಮ್ಮನಿಗೆ ಅಡುಗೆಮನೆಯವರೆಗೆ ಕೇಳಿಸಿದೆ. ನಿಮಗೆ ಕೇಳಿಸಲಿಲ್ಲವಾ?"

"ಕೇಳಿಸಿತು" ಎಂದರು ನನ್ನ ಗಂಡ.

"ಕೇಳಿಸಿಯೂ ಬಂದಿರಿ. ನಿನ್ನೆ ಚಪ್ಪಡಿ ವಿಷಯಕ್ಕೆ ಜಗಳ, ಇವತ್ತು ಹೀಗೆ. ನಾನೇನು ತಿಳಿದುಕೊಳ್ಳಲಿ?"

ಇವರು ಬೇಕೆಂದೇ ಮಾಡಿದರೋ ಎನ್ನುವುದನ್ನೇ ಅವರು ಕೇಳುತ್ತಿದ್ದರು. ನನ್ನ ಗಂಡ ತಡವರಿಸುತ್ತ, ನಮ್ಮ ಕಡೆ ಚಾಲು ಎಂದರೆ ಬೇರೆ, ಗಾಡಿ ಚಾಲು ಮಾಡು ಎನ್ನುತ್ತೇವೆ, ನಿಲ್ಲಿಸು ಅಂತಲ್ಲ ಎಂದು ವಿವರಿಸಿದರು. ಅದು ಆಗಷ್ಟೇ ಹೊಲಿದು ತಂದ ಮಾತಿನ ಹಾಗೆ ನನಗೇ ಕೇಳಿಸಿತು.

"ಅಷ್ಟು ದೊಡ್ಡ ಕಂಪನಿಯಲ್ಲಿ ಕೆಲಸ. ಇಷ್ಟು ದಿನ ನಮ್ಮ ಮನೆಯಲ್ಲಿದ್ದು ಚಾಲು ಅನ್ನುವುದು ತಿಳಿಯಲಿಲ್ಲವೇ? ಹಾಗಾದರೆ ನೀವು ಏನಂತೀರಿ ಅದಕ್ಕೆ?"

"ಸಾಕು ಅಂತೀವಿ."

"ಸಾಕು?" ಅವರು ಒಂದು ಥರ ನಕ್ಕರು. "ಅವುನು. ಸಾಕೇ."

ನಮಗೆ ಅರ್ಥವಾಗಲಿಲ್ಲ. ಹಿಂದೆಯೇ ಬಂದಿದ್ದ ಆಂಟಿ ಮುಜುಗರದಿಂದ ನನ್ನ ತೋಳು ಮುಟ್ಟಿ, "ತೆಲುಗಿನಲ್ಲಿ ಸಾಕು ಅಂದರೆ ಬಹಾನಾ" ಎಂದರು. ನೆಪ. ಹೌದು, ನೆಪವನ್ನೇ ಹೇಳುತ್ತಿದ್ದೀರಿ ಎಂದು ಮಗಳು ಹೇಳಿದ್ದರು.

ಮಗಳು ನನ್ನ ಕಡೆ ತಿರುಗಿದರು. "ಅಕ್ಕಾ, ನೀವು ಗೇಟಿನ ಹತ್ತಿರ ಇದ್ದಿರಲ್ಲ. ನಿಮಗೇನು ಕೇಳಿಸಿತು?"

"ನನಗೂ ಹಾಗೇ ಕೇಳಿಸಿತು" ಎಂದೆ. ಗಂಡನ ಮಾತಿಗೆ ಹೆಂಡತಿ ತಾಳ ಹಾಕುತ್ತಿದ್ದಾಳೆ ಎಂದು ಅವರ ಮುಖದಲ್ಲಿ ಬರೆದಿತ್ತು. ನಾನು ಇನ್ನೇನೂ ಸೇರಿಸಲಿಲ್ಲ. ಸೇರಿಸಿದಷ್ಟೂ ಅದು ತೆಲುಗಿನ ಸಾಕು ಆಗುತ್ತಿತ್ತು.

ಒಳಗಿನಿಂದ ಅಂಕಲ್ ಕರೆದರು. ಎಲ್ಲರೂ ಮಂಚದ ಹತ್ತಿರ ಹೋದೆವು. ಅವರು ಮಗಳೊಡನೆ ತೆಲುಗಿನಲ್ಲಿ ನಿಧಾನವಾಗಿ ಮಾತಾಡಿದರು. ನಡುವೆ ನನ್ನ ಗಂಡನ ಕಡೆ ಬೆರಳು ತೋರಿಸಿ, ಅವರದೇ ದನಿಯಲ್ಲಿ, "ಚಾಲು ಆತು! ಚಾಲು ಆತು!" ಎಂದು ಅಣಕಿಸಿದರು. ಆಂಟಿ ಹೌದು ಹೌದು ಎಂದು ತಲೆಯಾಡಿಸಿದರು. ಆಮೇಲೆ ಅಂಕಲ್ ನಮಗೆ ಹಿಂದಿಯಲ್ಲಿ ಹೇಳಿದರು.

"ಚಳಿಯಲ್ಲಿ ನೂಕಿದ್ದು ನೆನಪಿದೆಯಾ? ನೀವು ಚಾಲು ಅಂದಿರಿ, ನಾನು ಕೈ ಬಿಟ್ಟೆ. ಈಗಷ್ಟೇ ಶುರುವಾಗಿದೆ, ಆಗಲೇ ಸಾಕು ಅಂತಾನಲ್ಲ ಈ ಹುಡುಗ ಅಂತ ಇವಳಿಗೆ ಹೇಳಿ ನಕ್ಕಿದ್ದೆ. ಆವತ್ತೇ ಕೇಳಬೇಕಿತ್ತು ನಾನು."

ಮಗಳು ನಮ್ಮನ್ನು ನೋಡುವ ರೀತಿ ಬದಲಾಯಿತು. ಇವರು ಕೆಟ್ಟವರಲ್ಲ, ತಿಳಿಯದವರು, ಎಂಬ ನೋಟ ಅದು. ನನಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಕಾಲು ಮುರಿದುಕೊಂಡವರೇ ನಮ್ಮ ಪರವಾಗಿ ಸಾಕ್ಷಿ ಹುಡುಕಿ ಹೇಳಬೇಕಾಯಿತಲ್ಲ ಎಂದು ಕಣ್ಣೆತ್ತಿ ನೋಡಲಾಗಲಿಲ್ಲ.

ಅಂಕಲ್ ಕೋಲು ಹಿಡಿದು ಓಡಾಡುವಷ್ಟಾಗುವ ಹೊತ್ತಿಗೆ ಮಳೆಗಾಲ ಮುಗಿಯುತ್ತ ಬಂದಿತ್ತು. ಅಲ್ಲಿಯವರೆಗೆ ಕಾರನ್ನು ಹೊರಗೆ, ನಮ್ಮ ಬೀದಿಯ ಕೋಚಿಂಗ್ ಸೆಂಟರೊಂದರ ಗೋಡೆಯ ಪಕ್ಕದಲ್ಲೇ ಬಿಡುತ್ತಿದ್ದೆವು. ಯಾರೋ ಗೀರಿದರು, ಯಾರೋ ಧೂಳಿನ ಮೇಲೆ ಬೆರಳಿನಿಂದ ಏನೋ ಬರೆದರು. ನನ್ನ ಗಂಡ ತಾವೇ ಹೋಗಿ ಎಡಗಡೆಗೆ ಕನ್ನಡಿ ಹಾಕಿಸಿಕೊಂಡು ಬಂದರು. ಕಾರನ್ನು ಒಳಗೆ ಮಾತ್ರ ತರಲಿಲ್ಲ.

ಒಂದು ಸಂಜೆ ನಾವು ಬಂದಾಗ ಅಂಕಲ್ ವರಾಂಡದಿಂದ ಕೋಲೆತ್ತಿ ಒಳಗೆ ತನ್ನಿ ಎಂದು ಸನ್ನೆ ಮಾಡಿದರು. ಚಪ್ಪಡಿ ಹೊಸದಾಗಿತ್ತು. ಬೇಡ ಅಂಕಲ್ ಎಂದು ಇವರು ಎಷ್ಟು ಹೇಳಿದರೂ ಕೇಳದೆ ಮೆಟ್ಟಿಲಿಳಿದು ಬಂದರು.

"ಈಗ ನನಗೆ ಚಾಲು ಗೊತ್ತು ಅಂಕಲ್, ನೀವು ಅದನ್ನೇ ಅನ್ನಿ" ಎಂದರು ನನ್ನ ಗಂಡ.

"ಗೊತ್ತಿರುವುದು ತಲೆಗೆ" ಎಂದರು ಅಂಕಲ್. "ಗಾಬರಿಯಲ್ಲಿ ನನ್ನ ಬಾಯಿಗೆ ನನ್ನ ಮಾತೇ ಬಂತು. ಬ್ರೇಕ್ ಒತ್ತುವ ನಿಮ್ಮ ಕಾಲಿಗೂ ನಿಮ್ಮ ಮಾತೇ ಬೇಕು."

ಅವರು ಕಲ್ಲಿನಿಂದ ದೂರ, ಬಲಗಡೆ, ಕಂಪೌಂಡಿಗೆ ಒರಗಿ ನಿಂತರು. ನಾನು ಗೇಟಿನ ಹತ್ತಿರ ಇಳಿದೆ. ಆವತ್ತೂ ಮಗಳು ಬಂದಿದ್ದರು. ನನ್ನ ಪಕ್ಕಕ್ಕೆ ಬಂದು ನಿಂತರು.

"ಆನೇ ದೋ, ಆನೇ ದೋ..." ರಾಗ ಅದೇ. ಕೊನೆಗೆ, "ಸಾಕು!"

ಕಾರು ಗಕ್ಕನೆ ನಿಂತಿತು. ಅದರ ಅರ್ಧ ಭಾಗ ಇನ್ನೂ ರಸ್ತೆಯಲ್ಲೇ ಇತ್ತು.

"ಅರೇ, ಇನ್ನೂ ಜಾಗ ಇದೆ. ಸುಮ್ಮನೆ ಅಂದು ನೋಡಿದೆ. ಆನೇ ದೋ." ಕಾರು ಒಂದು ಗೇಣು ಹಿಂದೆ ಹೋಗಿ ತಾನಾಗಿಯೇ ನಿಂತಿತು. "ಆನೇ ದೋ!" ಮತ್ತೊಂದು ಗೇಣು. ಎದುರು ಮನೆಯ ಹೆಂಗಸರು ಹೊರಗೆ ಬಂದರು. "ಸಾಕು! ಸಾಕು!" ಎಂದು ಅಂಕಲ್ ಕೂಗಿದಾಗ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಅವರ ತೆಲುಗು ಕಿವಿಗೆ ಆ ಮುದುಕರು ಕಾರನ್ನು ನೋಡಿ ನೆಪ, ನೆಪ ಎಂದು ಕೂಗುತ್ತಿದ್ದರು.

ಮಗಳು ನಗಲಿಲ್ಲ. "ಅಕ್ಕಾ" ಎಂದರು ಮೆಲ್ಲಗೆ, "ಕಾಲು ಮುರಿದದ್ದೂ ಅಪ್ಪನದೇ, ಮಾತು ಕಲಿಯಬೇಕಾದದ್ದೂ ಅಪ್ಪನೇನಾ?"

ಮುಂದಿನ ಗಾಜಿನಾಚೆ ನನ್ನ ಗಂಡನ ಎರಡು ಕೈಗಳು ಸ್ಟೀರಿಂಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದು ಕಾಣುತ್ತಿತ್ತು. ಅಂಕಲ್ ಕೋಲು ಬೀಸುತ್ತ ಕರೆಯುತ್ತಲೇ ಇದ್ದರು. ನಾನು ಊಟದ ಡಬ್ಬಿಯ ಚೀಲವನ್ನು ಎದೆಗೆ ಒತ್ತಿಕೊಂಡು, ಹೊಸ ಚಪ್ಪಡಿಯನ್ನೇ ನೋಡುತ್ತ, ಕಾರು ಗೇಣು ಗೇಣಾಗಿ ಒಳಗೆ ಹೋಗಿ ಮುಗಿಯುವವರೆಗೆ ನಿಂತಿದ್ದೆ.