ಬಿಸಿನೀರಿಗೆ ಹಾಕಿದ ಮೊಟ್ಟೆಗಳು

ರತ್ನಳಿಗೆ ಕೊಟ್ಟ ಮೊಟ್ಟೆಗಳು ಮರಿಯಾಗದಂತೆ ಮಾಡಿದವಳು ನಾನೇ. ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಆರಿಸಿ — ಆಮೇಲೆ ನಗುನಗುತ್ತಾ ಅವಳ ಮಡಿಲಿಗೆ ಹಾಕಿದೆ. ಹೇಳಿಬಿಟ್ಟರೆ ಹಗುರಾಗುತ್ತದೆ ಅನ್ನುತ್ತಾರೆ. ಎಲ್ಲಿ, ಈಗ ನಿಮಗೆ ಹೇಳಿದರೂ ಏನೂ ಆಗಲಿಲ್ಲ.

ರತ್ನ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಉಮ್ಮತ್ತೂರಿನ ಹುಡುಗಿ. ಹರದನಹಳ್ಳಿಯ ನಮ್ಮ ಮನೆಗೆ ಬಂದು ವರ್ಷಗಳಾಗಿದ್ದರೂ ಮಕ್ಕಳಾಗಿರಲಿಲ್ಲ. ನಾನು ಹಿತ್ತಲಲ್ಲಿ ಕಾಡೆ ಸಾಕುತ್ತಿದ್ದೆ — ಗೌಜಲಹಕ್ಕಿ ಅನ್ನುತ್ತಾರಲ್ಲ, ಅದೇ. ಎಲ್ಲರ ಮನೆಯಲ್ಲೂ ಇದ್ದದ್ದು ಕಂದು ಬಣ್ಣದವು. ನನ್ನ ಗೂಡಿನಲ್ಲಿ ಒಮ್ಮೆ ಬಿಳಿಯದೊಂದು ಹುಟ್ಟಿತು. ಅದನ್ನು ಕಂದು ಹೆಣ್ಣಿಗೆ ಬಿಟ್ಟರೆ ಮರಿಗಳೆಲ್ಲ ಕಂದೇ. ಥೂ ಅನ್ನಿಸಿತು. ಆದರೂ ಆ ಹೆಣ್ಣು ಮರಿಗಳನ್ನು ಬೆಳೆಸಿ ಮತ್ತೆ ಅದೇ ಬಿಳಿ ಗಂಡಿಗೆ ಬಿಟ್ಟೆ — ಆಗ ಬಂದವು ನೋಡಿ ಬಿಳಿಯವು! ಗುಂಡ್ಲುಪೇಟೆಯಿಂದ ಮಲಯಾಳಿ ವ್ಯಾಪಾರಿಯೊಬ್ಬ ಹುಡುಕಿಕೊಂಡು ಬಂದ. ಊರವರು 'ಬಿಳಿ ಕಾಡೆಯಮ್ಮ' ಅನ್ನತೊಡಗಿದರು. ದುಡ್ಡಿಗಿಂತ ಆ ಹೆಸರು — ನನಗೆ ಅದೇ ಬೇಕಾಗಿತ್ತು.

"ಅಕ್ಕ, ನಂಗೂ ಒಸಿ ಮೊಟ್ಟೆ ಕೊಡಕ್ಕ. ಕೋಳಿ ಕಾವಿಗೆ ಕುಂತದೆ. ನನ್ ಕೈಲೂ ಬಿಳೇವು ಉಟ್ಲಿ" ಅಂದಳು ರತ್ನ.

ಇಲ್ಲ ಅಂದರೆ ಮನೆಯಲ್ಲಿ ಮಾತು ಬೆಳೆಯುತ್ತದೆ. ಕೊಟ್ಟರೆ ಬಿಳಿಯವು ಅವಳ ಗೂಡಿನಲ್ಲೂ ಓಡಾಡುತ್ತವೆ. ಹೊಟ್ಟೆಕಿಚ್ಚು, ಇನ್ನೇನು. ಬಚ್ಚಲ ಹಂಡೆಯ ನೀರಿಗೆ ಮೊಟ್ಟೆಗಳನ್ನು ಬಿಟ್ಟೆ — ಬೇಯಬಾರದು, ಒಳಗಿನ ಜೀವ ಮಾತ್ರ ಹೋಗಬೇಕು. ಕಾಡೆ ಮೊಟ್ಟೆಯ ಮೇಲಿನ ಕಪ್ಪು ಚುಕ್ಕೆ ಅಳಿಯದಂತೆ ಬಟ್ಟೆಯಲ್ಲಿ ಮೆಲ್ಲಗೆ ಒತ್ತಿ ಒರೆಸಿದೆ. ಅಷ್ಟು ಜೋಪಾನ!

ಅವಳು ಆ ಕೋಳಿಗೆ ಕೂತಲ್ಲೇ ನೀರು, ಕಾಳು ಒಯ್ದಳು. ಮರಿಯಾಗುವ ಹೊತ್ತು ಕಳೆದ ಮೇಲೂ ಕಾದಳು. ಕೊನೆಗೆ ತಿಪ್ಪೆಯ ಹತ್ತಿರ ಕೂತು ಒಂದೊಂದನ್ನೇ ಒಡೆದು ನೋಡಿದಳು.

ಜಗುಲಿಯಲ್ಲಿದ್ದ ಅತ್ತೆ ಎಲ್ಲರಿಗೂ ಕೇಳುವಂತೆ ಅಂದರು, "ಅವಳ್ ಕೈಯೇ ಅಂಥದ್ದು ಬುಡು. ಮೊಟ್ಟೆನೂ ಮರಿ ಆಗ್ನಿಲ್ಲ."

ನಾನು ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಿದ್ದೆ. ಮೊಟ್ಟೆಯೇ ಕೆಟ್ಟಿತ್ತು ಅತ್ತೆ ಅಂತ ಒಂದು ಮಾತು — ಅಷ್ಟಾದರೂ — ಇಲ್ಲ, ಸುಲಿಯುತ್ತಲೇ ಇದ್ದೆ.

ಅತ್ತೆ ಈಗಿಲ್ಲ. ಆದರೆ ಆ ಮಾತನ್ನು ರತ್ನ ನಂಬಿಬಿಟ್ಟಳು. ಕೋಳಿಗಳನ್ನೂ ಮಾರಿದಳು. ಬಿತ್ತನೆಗೆ ಬೀಜ ಮುಟ್ಟುವುದಿಲ್ಲ, ಹೆಪ್ಪು ಹಾಕುವಾಗಲೂ ನನ್ನನ್ನೇ ಕರೆಯುತ್ತಾಳೆ. ಈಗ ಚಾಮರಾಜನಗರದಲ್ಲಿ ಯಾವ ಬಣ್ಣದ ಕಾಡೆ ಬೇಕೆಂದರೂ ಸಿಗುತ್ತದೆ. ನನ್ನ ಬಿಳಿಯವನ್ನು ಕೇಳುವವರೇ ಇಲ್ಲ. ಗೂಡು ತೊಳೆಯುವುದಕ್ಕೂ ನನಗೆ ಸಾಕಾಗಿದೆ.

ಮೊನ್ನೆ ನನ್ನ ಮಗಳು ಕೂಸಿನೊಂದಿಗೆ ಬಾಣಂತನಕ್ಕೆ ಬಂದಳು. ಕೂಸನ್ನು ಎತ್ತಿ ರತ್ನಳ ಮುಂದೆ ಹಿಡಿದೆ. ಕೈ ಚಾಚಿದವಳು ಹಿಂದಕ್ಕೆಳೆದುಕೊಂಡು ಸೆರಗಿನೊಳಗೆ ಮುಚ್ಚಿಕೊಂಡಳು.

"ಬ್ಯಾಡ ಕಣಕ್ಕ. ನನ್ ಕೈ ಒಳ್ಳೇದಲ್ಲ. ಇಲ್ಲಿಂದ್ಲೇ ನೋಡ್ತೀನಿ."

ಹೇಳಬೇಕಾದ ಹೊತ್ತು ಅದೇ ಆಗಿತ್ತು. ಬಾಯಿಯವರೆಗೆ ಬಂತು ಕೂಡ. ನಾನು ಮಾಡಿದ್ದೇನು ಗೊತ್ತೇ? ಸುಮ್ಮನೆ ಕೂಸನ್ನು ಹಿಂದಕ್ಕೆ ತೆಗೆದುಕೊಂಡೆ — ಅವಳ ಕೈಗೆ ನಾನೂ ಹೆದರುವವಳ ಹಾಗೆ.