ಎದುರುಮನೆಯವರ ಕಲ್ಲುಬೆಂಚು

ಎದುರುಮನೆಯಾಕೆಯ ಹುಬ್ಬಿನಲ್ಲಿ ಸದಾ ಕಲ್ಲಿನ ಪುಡಿ. ಸ್ನಾನ ಮಾಡಿ ಚರ್ಚಿಗೆ ಹೊರಟಾಗಲೂ ಎಡಹುಬ್ಬಿನ ಮೇಲೊಂದು ಬಿಳಿ ಗೆರೆ ಉಳಿದಿರುತ್ತಿತ್ತು. ಸರ್ವಜ್ಞನಗರದ ನಮ್ಮ ಬೀದಿಗೆ ಅವರೊಬ್ಬರೇ ಶಿಲ್ಪಿ. ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಳ್ಳುವ ರೈಟರ್ ಆಗಿ ನಿವೃತ್ತನಾದವನು ನಾನು. ಬೆಳಗಿನ ಐದೂವರೆಗೆ ನನ್ನ ನಡಿಗೆ, ಆರಕ್ಕೆ ಅವರ ಉಳಿಯ ಸದ್ದು. ಒಂದು ನಿಮಿಷ ಮೊದಲೂ ಕಲ್ಲು ಮುಟ್ಟುತ್ತಿರಲಿಲ್ಲ. ಆ ಶಿಸ್ತಿಗಾಗಿಯೇ ನನಗೆ ಅವರೆಂದರೆ ಗೌರವ.

ಕಳೆದ ವರ್ಷ ಅವರು ಕಡೆದದ್ದು ಠಾಣೆಯ ಬೆಂಚು. ಕೂತು ಕೂತು ಸವೆದಂತೆ ಅದರಲ್ಲಿ ಆರು ತಗ್ಗು. ಎತ್ತರ ಎಷ್ಟು ಕಡಿಮೆಯೆಂದರೆ ಕೂತವರ ಮೊಣಕಾಲು ಎದೆಗೆ ಬರಬೇಕು. ಎದುರಿಗೆ ಎತ್ತರದ ಕಲ್ಲುಮೇಜು, ಅದರ ಹಿಂದೆ ಯಾರೂ ಇಲ್ಲ. ಅವರ ಅಂಗಳದಲ್ಲಿ ಅದನ್ನು ನೋಡಿದ ಕೂಡಲೇ ಗುರುತು ಹಿಡಿದೆ. ನಮ್ಮ ಠಾಣೆಯ ಮರದ ಬೆಂಚಿನ ಕಾಲು ಕೊಯ್ಯಿಸಿದವನು ನಾನೇ. ಕೆಳಗೆ ಕೂತು ತಲೆಯೆತ್ತಿ ಮಾತಾಡುವವರ ದನಿ ತಗ್ಗುತ್ತದೆ, ಕೆಲಸ ಬೇಗ ಮುಗಿಯುತ್ತದೆ ಎಂದು ಆಗ ನನ್ನ ಎಣಿಕೆ.

ಬೆಂಚನ್ನು ಶಿಲ್ಪಪ್ರದರ್ಶನಕ್ಕೆ ಸಾಗಿಸಲು ಎರಡು ದಿನವಿತ್ತು. ಯಾರೋ ದೂರಿದರೆಂದು ಸಬ್‌ಇನ್‌ಸ್ಪೆಕ್ಟರ್ ಒಬ್ಬರು ಆಕೆಯ ಮನೆಗೆ ಬಂದು, ಸಾಕ್ಷಿಗೆ ನನ್ನನ್ನೂ ಕರೆದರು. ಇಂಥ ಬೆಂಚು ಎಲ್ಲೂ ಇಲ್ಲ, ಇದು ಇಲಾಖೆಯ ಮೇಲೆ ಸುಳ್ಳು ಆರೋಪ, ಕಲ್ಲು ಇಲ್ಲಿಂದ ಕದಲಬಾರದು ಎಂದರು. ಯಾರು ಹೇಳಿಕೊಟ್ಟದ್ದು ಎಂದೂ ಕೇಳಿದರು.

"ಯಾರೂ ಇಲ್ಲ ಸಾರ್. ತಮ್ಮ ಕಾಣೆಯಾದಾಗ ಮೂರು ದಿನ ಕೂತಿದ್ದೆ. ನಾಲ್ಕನೇ ದಿನ ಅವನೇ ಮನೆಗೆ ಬಂದ, ನಿಮ್ಮೋರು ಹುಡುಕ್ಲಿಲ್ಲ" ಎಂದ ಆಕೆ ಠಾಣೆಯ ಹೆಸರು ಹೇಳಿದರು. ನಮ್ಮದೇ ಠಾಣೆ. ನನಗೆ ಅವರ ಮುಖದ ನೆನಪೇ ಇರಲಿಲ್ಲ.

ಸಬ್‌ಇನ್‌ಸ್ಪೆಕ್ಟರ್ ನನ್ನತ್ತ ಕಾಗದ ಚಾಚಿದರು. "ನೀವು ಅಲ್ಲೇ ಇದ್ರಲ್ಲ. ಅಂಥ ಬೆಂಚ್ ಇರ್ಲಿಲ್ಲ ಅಂತ ಬರ್ಕೊಡಿ, ಮುಗೀತು."

ಪೆನ್ನು ತೆಗೆದುಕೊಂಡೆ. ಪಿಂಚಣಿ, ಹೆಸರು ಎಲ್ಲ ಕಣ್ಣಮುಂದೆ ಬಂದವು.

"ಇತ್ತು. ಅದರ ಕಾಲು ನಾಲ್ಕು ಬೆರಳಷ್ಟು ಕೊಯ್ಸಿದ್ದು ನಾನೇ. ಬೇಕಾದ್ರೆ ಅದನ್ನ ಬರ್ಕೊಡ್ತೀನಿ."

ಅಂಥ ಕಾಗದ ಕಡತ ಸೇರಿದರೆ ಅದಕ್ಕೆ ಉತ್ತರ ಬರೆಯಬೇಕಾದವರು ಆ ಅಧಿಕಾರಿಯೇ. ಕಾಗದ ಮಡಿಸಿ ಜೇಬಿಗಿಟ್ಟು, ಬಿಸಿಲನ್ನು ಬೈಯುತ್ತಾ ಹೊರಟುಹೋದರು. ಬೆಂಚು ಪ್ರದರ್ಶನಕ್ಕೆ ಹೋಯಿತು.

ಗೇಟು ಮುಚ್ಚಿದ ಮೇಲೆ ಆಕೆಯ ಬೈಗುಳಕ್ಕೆ ಕಾದು ನಿಂತೆ.

"ನಾಲ್ಕೇ ಬೆರಳಾ? ನಾನು ಐದು ಅಂದ್ಕೊಂಡಿದ್ದೆ" ಎಂದರು. ಉಳಿಯ ಪುಡಿ ಒರೆಸುತ್ತಾ ಹೇಳಿದರು, "ನೀವು ಈ ಬೀದಿಗೆ ಬಂದಾಗ್ಲೇ ಗುರುತು ಸಿಕ್ತು ಸಾರ್. ಠಾಣೇಲಿ ಕೆಳಗಿಂದ ನೋಡಿದ್ದೆ, ಅಷ್ಟೆ."

ಗುರುತಿದ್ದೂ ಏಳು ವರ್ಷ ದಿನಾ ನನಗೆ ನಮಸ್ಕಾರ ಹೇಳಿದ್ದರು. ಹೋದ ತಿಂಗಳು ತೀರಿಕೊಂಡರು. ಜೀವಮಾನವಿಡೀ ಬೇರೆಯವರ ಹೇಳಿಕೆ ಬರೆದುಕೊಂಡವನು ನಾನು. ನನ್ನದನ್ನು ಕೇಳಿಸಿಕೊಂಡವರು ಅವರೊಬ್ಬರೇ, ನನ್ನ ಸಮಕ್ಕೆ ನಿಂತು.