ಬಿಟ್ಟೆ, ತಗೊಂಡೆ

ಇಡೀ ಬೆಂಗಳೂರಿನಲ್ಲಿ ಏಕಾಂತಯ್ಯನವರನ್ನು ‘ಊಟ ಆಯ್ತಾ?’ ಎಂದು ಕೇಳುತ್ತಿದ್ದವಳು ನೀಲಮ್ಮ ಒಬ್ಬಳೇ. ಅದೂ ಫೋನಿನಲ್ಲಿ, ಅದೂ ಒಂದು ಟೇಪ್ ಯಂತ್ರದ ಪುಣ್ಯದಿಂದ.

ದಾವಣಗೆರೆ ಕಡೆಯಿಂದ ಬಂದು, ಮದುವೆ ಗಿದುವೆಯ ತಂಟೆಗೇ ಹೋಗದೆ, ಚಂದ್ರಾ ಲೇಔಟಿನಲ್ಲಿ ಒಂದು ರೂಮು ಹಿಡಿದು ಕೂತ ಮನುಷ್ಯ. ಕೆಲಸ ರಾಜಾಜಿನಗರದ ಒಂದು ಕಂಪನಿಯಲ್ಲಿ. ಸುತ್ತಲಿನ ಕಾರ್ಖಾನೆಗಳ ಸಂಬಳದ ಲೆಕ್ಕವನ್ನೆಲ್ಲ ಅಲ್ಲಿ ಕಂಪ್ಯೂಟರಿನಲ್ಲಿ ಮಾಡುತ್ತಿದ್ದರು. ಎಂಬತ್ತರ ದಶಕದ ಮಾತು, ಕಂಪ್ಯೂಟರ್ ಅಂದರೆ ಬೀರುವಿನಷ್ಟು ದೊಡ್ಡದು. ಅಂಥವು ಅಲ್ಲಿ ಎರಡಿದ್ದವು. ಮುಂದಿನ ಕಟ್ಟಡದ್ದು ಏಕಾಂತಯ್ಯನವರ ಪಾಲಿಗೆ, ಹಿಂದಿನ ಕಟ್ಟಡದ್ದು ನೀಲಮ್ಮನ ಪಾಲಿಗೆ. ಲೆಕ್ಕವನ್ನು ಟೇಪಿಗೆ ಬರೆದಿಡುವ ಯಂತ್ರ ಮಾತ್ರ ಎರಡಕ್ಕೂ ಸೇರಿ ಒಂದೇ. ಇಬ್ಬರೂ ಒಟ್ಟಿಗೆ ಬರೆಯಲು ಹೋದರೆ ಎಲ್ಲರ ಸಂಬಳವೂ ಕಲಸುಮೇಲೋಗರ.

ಅದಕ್ಕೇ ಒಂದು ಕಟ್ಟುಪಾಡಿತ್ತು. ಕೆಲಸ ಮುಗಿಸಿದವರು ಆಫೀಸಿನ ಒಳಫೋನಿನಲ್ಲಿ ‘ಬಿಟ್ಟೆ’ ಅನ್ನಬೇಕು, ಆ ಕಡೆಯವರು ‘ತಗೊಂಡೆ’ ಅನ್ನಬೇಕು.

“ಬಿಟ್ಟೆ ಕಣಮ್ಮ.”

“ತಗೊಂಡೆ ಸಾರ್. ಊಟ ಆಯ್ತಾ?”

“ಆಯ್ತಮ್ಮ. ನಿಂದು?”

ಇಷ್ಟೇ. ಬೇರೆ ಅರ್ಥ ಹುಡುಕಬೇಡಿ, ಅವಳು ಅವರ ಮಗಳ ವಯಸ್ಸಿನವಳು. ಆದರೆ ಇಷ್ಟಕ್ಕಾಗಿಯೇ ಅವರು ದಿನಾ ವಿಜಯನಗರದ ಬಸ್ಸಿನಲ್ಲಿ ಜೋತಾಡಿಕೊಂಡು ಬರುತ್ತಿದ್ದರು ಅಂದರೆ ನೀವು ನಗಲೂಬಾರದು.

ಒಂದು ದಿನ ವೆಂಕಟೇಶ್ ಎಂಬ ಹೊಸ ಇಂಜಿನಿಯರ್ ಎರಡು ಕಂಪ್ಯೂಟರಿಗೂ ತಂತಿ ಎಳೆದ. “ಇನ್ಮೇಲೆ ಫೋನ್ ಬೇಡ ಸಾರ್. ಬಿಟ್ಟೆ ಅಂತ ಇಲ್ಲೇ ಟೈಪ್ ಮಾಡಿ, ಆ ಮೆಷಿನ್‌ಗೆ ತಾನೇ ಗೊತ್ತಾಗುತ್ತೆ,” ಎಂದ. ಎಲ್ಲರೂ ಶಹಭಾಸ್ ಅಂದರು. ಯಂತ್ರಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಹಾಯಾಗಿದ್ದವು. ಫೋನಿನ ಮೇಲೆ ಧೂಳು ಕೂತಿತು.

ಕೊನೆಗೆ ತಡೆಯಲಾರದೆ ಏಕಾಂತಯ್ಯ ಒಂದು ಕಳ್ಳಾಟ ಆಡಿದರು. ಕೆಲಸ ಮುಗಿದರೂ ಬೇಕಂತಲೇ ಟೇಪ್ ಬಿಡಲಿಲ್ಲ. ಫೋನನ್ನೇ ನೋಡುತ್ತಾ ಕೂತರು. ಫೋನ್ ಬಂತು.

“ಸಾರ್, ಟೇಪ್ ಇನ್ನೂ ನಿಮ್ಮ ಹತ್ರಾನೇ ಇದೆ. ಹುಷಾರಾಗಿದೀರ ತಾನೆ?” ನೀಲಮ್ಮನ ದನಿಯಲ್ಲಿ ನಿಜವಾದ ಗಾಬರಿಯಿತ್ತು.

“ಮರ್ತೇಬಿಟ್ಟೆ ಕಣಮ್ಮ. ತಗೋ, ಬಿಟ್ಟೆ.”

“ತಗೊಂಡೆ ಸಾರ್. ಊಟ ಆಯ್ತಾ?”

ಆಗಿರಲಿಲ್ಲ. ಆಯ್ತು ಅಂದರು. ಅವತ್ತು ಸಂಜೆ ಹೋಟೆಲಿನಲ್ಲಿ ಒಂದು ಮಸಾಲೆದೋಸೆ ಜಾಸ್ತಿಯೇ ತಿಂದರು. ಹಾಳು ಆಸೆ, ಅಷ್ಟಕ್ಕೇ ನಿಲ್ಲುತ್ತದೆಯೇ? ಮುಂದಿನ ವಾರ ಮತ್ತೆ ‘ಮರೆತರು’. ಅದರ ಮುಂದಿನ ವಾರವೂ ಮರೆತರು.

ಆಮೇಲೊಂದು ಬೆಳಿಗ್ಗೆ, ಟೇಪ್ ಹಿಡಿದುಕೊಳ್ಳದೇ ಇದ್ದಾಗಲೂ ಫೋನ್ ಬಂತು. ಏಕಾಂತಯ್ಯನವರಿಗೆ ಹಿಗ್ಗೋ ಹಿಗ್ಗು.

“ಸಾರ್, ಇನ್ನು ನೀವು ಟೆನ್ಷನ್ ಮಾಡ್ಕೋಬೇಡಿ,” ಎಂದಳು ನೀಲಮ್ಮ. “ಸಾರ್ ಮರೀತಾರೆ ಅಂತ ಯಾರೂ ಆಡ್ಕೋಬಾರ್ದಲ್ಲ, ನಾನೇ ವೆಂಕಟೇಶ್‌ಗೆ ಹೇಳಿ ಸರಿಮಾಡಿಸಿದೀನಿ. ಕೆಲಸ ಮುಗಿದು ಸ್ವಲ್ಪ ಹೊತ್ತಾದ್ರೆ ಮೆಷಿನ್ನೇ ಬಿಟ್ಕೊಡುತ್ತೆ. ನೀವು ಮರೆತ್ರೂ ಪರವಾಗಿಲ್ಲ ಸಾರ್.”

“ಒಳ್ಳೇದು ಮಾಡ್ದೆ ಕಣಮ್ಮ,” ಎಂದರು ಏಕಾಂತಯ್ಯ.

ಅವಳಿಗೆ ಕೆಲಸವಿತ್ತು, ಫೋನ್ ಇಟ್ಟಳು. ಇವರು ಮಾತ್ರ ರಿಸೀವರನ್ನು ಕಿವಿಗೆ ಹಿಡಿದುಕೊಂಡೇ ಇದ್ದರು.

“ಆಯ್ತಮ್ಮ,” ಎಂದರು ಸ್ವಲ್ಪ ಹೊತ್ತಿನ ಮೇಲೆ. “ನಿಂದು?”